ಉಬ್ಬುವ ತನಕ

ನಮ್ಮ ಭಾವ ಬೇಕರಿಯವರು. ನಾಲಗೆಯೇ ಅವರ ತಕ್ಕಡಿ. ಕ್ರೀಮು ಕಡೆದ ಮೇಲೆ ಬೆರಳಲ್ಲಿ ಒಂದಿಷ್ಟು ತೆಗೆದು ಬಾಯಿಗಿಟ್ಟು, ಕಣ್ಣು ಮುಚ್ಚಿ ತಲೆಯಾಡಿಸಿದರೆ ಮಾತ್ರ ಅದು ಕೇಕಿನ ಮೇಲೇರಬೇಕು. ಗಲ್ಲಾದಲ್ಲಿ ಕೂರುವವನು ನಾನು, ಅವರ ಹೆಂಡತಿಯ ತಮ್ಮ. ಅಂಥ ಮನುಷ್ಯ ಕಳೆದ ವರ್ಷ ಸಿಹಿ ಮುಟ್ಟುವುದಿಲ್ಲ ಎಂದು ಶಪಥ ಮಾಡಿಬಿಟ್ಟರು. ಮಗಳಿಗಾಗಿ.

ಮಗಳನ್ನು ನಾವೆಲ್ಲ ಬುಗುರಿ ಎನ್ನುತ್ತೇವೆ. ಎಂಟು ವರ್ಷ. ಬೇರೆ ಮಕ್ಕಳು ಬೆಳೆದ ಹಾಗೆ ಅವಳು ಬೆಳೆಯುತ್ತಿಲ್ಲ. ಮಾತು ಕಡಿಮೆ, ಓಟ ಜಾಸ್ತಿ. ಕುರ್ಚಿಗೂ ಅವಳಿಗೂ ಎಣ್ಣೆ ಸೀಗೆಕಾಯಿ. ಶಾಲೆಯ ಟೀಚರಮ್ಮ ಒಳ್ಳೆಯವರೇ, ಆದರೂ ಹೇಳಿಬಿಟ್ಟಿದ್ದರು: "ರಜೆ ಬರೋದ್ರೊಳಗೆ ಒಂದು ಪೀರಿಯಡ್ಡಾದ್ರೂ ಕೂತ್ಕೊಳ್ಳೋದು ಕಲೀಲಿ. ಇಲ್ಲಾಂದ್ರೆ ಈ ಕ್ಲಾಸಲ್ಲಿ ಇಟ್ಕೊಳ್ಳೋದು ಕಷ್ಟ." ಬುಗುರಿಗೆ ಇದ್ದ ಒಬ್ಬಳೇ ಗೆಳತಿ ಆ ಕ್ಲಾಸಿನಲ್ಲಿದ್ದಳು. ಅಕ್ಕ ಅವತ್ತು ಊಟ ಮಾಡಲಿಲ್ಲ.

ಡಾಕ್ಟರು, "ಬಣ್ಣದ ತಿಂಡಿ, ಸಿಹಿ ಕಡಿಮೆ ಮಾಡಿ. ಬೆಳಿಗ್ಗೆ ಹೊಟ್ಟೆ ತುಂಬ ಗಟ್ಟಿ ಆಹಾರ ಕೊಡಿ. ಕೆಲವು ಮಕ್ಕಳಿಗೆ ಸ್ವಲ್ಪ ಅನುಕೂಲ ಆಗತ್ತೆ, ಕೆಲವರಿಗೆ ಏನೂ ಆಗಲ್ಲ" ಎಂದರು.

ಕೊನೆಯ ಮಾತು ಭಾವನ ಕಿವಿಗೆ ಬೀಳಲೇ ಇಲ್ಲ. ಬಣ್ಣದ ಮಿಠಾಯಿಯೆಲ್ಲ ಮನೆಯಿಂದ ಗಡೀಪಾರಾಯಿತು. ಮಗಳಿಗಿಲ್ಲದ್ದು ತನಗೂ ಬೇಡವೆಂದು ಕ್ರೀಮಿನ ರುಚಿ ನೋಡುವುದನ್ನೂ ಬಿಟ್ಟರು. ಅದೇ ವಾರ ಒಂದು ಕ್ರೀಮಿಗೆ ಸಕ್ಕರೆಪುಡಿಯ ಬದಲು ಪುಡಿಯುಪ್ಪು ಬಿತ್ತು. ಯಾರದೋ ಮದುವೆಯ ವಾರ್ಷಿಕೋತ್ಸವದ ಕೇಕು. ಗಂಡ ಹೆಂಡತಿಗೆ ತಿನ್ನಿಸಿದನಂತೆ, ಹೆಂಡತಿ ಗಂಡನಿಗೆ. ಎದುರಿನವರಿಗೆ ಬೇಜಾರಾಗಬಾರದೆಂದು ಇಬ್ಬರೂ ನಗುನಗುತ್ತಲೇ ನುಂಗಿದರಂತೆ. ಡಬ್ಬ ಹಿಡಿದು ಅಂಗಡಿಗೆ ಬಂದದ್ದು ಆ ಹುಡುಗಿಯ ಅತ್ತೆ. ಅವರಿಗೆ ಅಂಥ ದಾಕ್ಷಿಣ್ಯವೇನೂ ಇರಲಿಲ್ಲ.

"ಪಥ್ಯ ಮಗೂಗೆ, ಬೇಕರಿಗಲ್ಲ. ನೀವು ಸುಮ್ನೆ ಕ್ರೀಮು ನೆಕ್ಕಿ" ಎಂದಳು ಅಕ್ಕ. ಶಪಥ ಅಲ್ಲಿಗೆ ಮುಗಿಯಿತು.

ಮಗುವಿನ ಪಥ್ಯವೂ ನಡೆಯುತ್ತಿರಲಿಲ್ಲವೆನ್ನಿ. ಇಡಿ ಗೋಧಿಹಿಟ್ಟಿಗೆ ಮೊಟ್ಟೆ, ಕಡಲೆಬೀಜ ಹಾಕಿ ಭಾವ ಮಾಡಿದ ಬ್ರೆಡ್ಡು ದಿನಾ ಗೋಡೆಗೆ ಬಡಿಯುತ್ತಿತ್ತು. ಒಂದು ಬೆಳಿಗ್ಗೆ ಬುಗುರಿ ಅಡುಗೆಮನೆಗೆ ನುಗ್ಗಿ, ಗಾಜಿನ ಬಟ್ಟಲಿನ ಮೇಲಿದ್ದ ಬಟ್ಟೆ ಕಿತ್ತು, ನಾದಿಟ್ಟ ಹಿಟ್ಟಿಗೆ ಬೆರಳು ಚುಚ್ಚಿದಳು. ಗುಳಿ ಮೆಲ್ಲಗೆ ತುಂಬಿಕೊಂಡಿತು. ಮತ್ತೆ ಚುಚ್ಚಿದಳು. ಭಾವ ಬೈಯಲಿಲ್ಲ. ಸ್ಟೂಲು ಎಳೆದುಕೊಟ್ಟು, "ಕೂತ್ಕೋ. ಉಬ್ಬತ್ತೆ" ಎಂದರು.

ಕೂತಳು. ಹಿಟ್ಟು ಬಟ್ಟಲಿನ ಅಂಚಿಗೆ ಬರುವ ತನಕ ಕೂತಳು. ಬೆಂದ ಮೇಲೆ ಆ ಬ್ರೆಡ್ಡನ್ನು ಯಾರಿಗೂ ಕೊಡದೆ ತಿಂದಳು.

ಆಮೇಲೆ ದಿನಾ ಅದೇ. ಸಂಜೆಯ ರಂಪ ತಗ್ಗಿತು, ಕರೆದರೆ ತಿರುಗಿ ನೋಡತೊಡಗಿದಳು. ಇದು ಊಟದಿಂದಲೋ ಹಿಟ್ಟಿನಿಂದಲೋ ಎಂದು ಭಾವ ಕೇಳಿದ್ದಕ್ಕೆ ಡಾಕ್ಟರು, "ನನಗೂ ಗೊತ್ತಿಲ್ಲಪ್ಪ. ಎರಡನ್ನೂ ಬಿಡಬೇಡಿ" ಎಂದು ನಕ್ಕರು.

ಕೂರುತ್ತಾಳೋ ಇಲ್ಲವೋ ನೋಡುತ್ತೇನೆಂದು ಟೀಚರಮ್ಮ ಹೇಳಿದ್ದ ದಿನ ಭಾವ ಗಾಜಿನ ಬಾಟಲಿಯಲ್ಲಿ ನಾದಿದ ಒಂದು ಹಿಡಿ ಹಿಟ್ಟು ಹಾಕಿಕೊಂಡು ಹೋದರು. ಮಗಳ ಬೆಂಚಿನ ಮೇಲೆ ಇಡಲು ಅಪ್ಪಣೆ ಸಿಕ್ಕಿತು. ಪಾಠ ಶುರುವಾಯಿತು. ಅಕ್ಕ, ನಾನು ಹೊರಗೆ, ತೆರೆದ ಬಾಗಿಲಿನೆದುರು ಕೂತೆವು. ಭಾವ ಮಾತ್ರ ಬಾಲ ಸುಟ್ಟ ಬೆಕ್ಕಿನ ಹಾಗೆ ಅತ್ತಿಂದಿತ್ತ ತಿರುಗುತ್ತ, ಗಳಿಗೆಗೊಮ್ಮೆ ಕಿಟಕಿಯಲ್ಲಿ ಇಣುಕುತ್ತಿದ್ದರು. ಒಳಗೆ ಬುಗುರಿ ಗೆಳತಿಯ ಪಕ್ಕ, ಗದ್ದಕ್ಕೆ ಕೈಯಿಟ್ಟು ಬಾಟಲಿ ನೋಡುತ್ತ ಕೂತಿದ್ದಳು. ಇನ್ನೇನು ಗಂಟೆ ಹೊಡೆಯಬೇಕು, ಭಾವನ ತಲೆ ಮತ್ತೆ ಕಿಟಕಿಯಲ್ಲಿ ಕಾಣಿಸಿತು. ಅವಳು ಕೂತಲ್ಲಿಂದಲೇ ತಿರುಗಿದಳು.

"ಅಪ್ಪ, ಕೂತ್ಕೋ. ಉಬ್ಬತ್ತೆ."

ಇಡೀ ಕ್ಲಾಸು ನಕ್ಕಿತು, ಟೀಚರಮ್ಮನೂ ನಕ್ಕರು. ಭಾವ ಅಲ್ಲೇ, ಬರಿ ನೆಲದ ಮೇಲೆ ಕೂತುಬಿಟ್ಟರು.