ಕಿವಿರು ಮುದುರಿದ ದಿನಗಳು

ನಮ್ಮದು ಲಿಂಗಪೂಜೆಯಾಗದೆ ಯಾರೂ ತಿಂಡಿ ಮುಟ್ಟದ ಮನೆ. ಮೊಟ್ಟೆ ಕೂಡ ಹೊಸ್ತಿಲು ದಾಟಿಲ್ಲ. ಅಂಥ ಮನೆಯ ಫ್ರಿಡ್ಜಿನ ಕೆಳಗಿನ ಖಾನೆಯಲ್ಲಿ ಎರಡು ವರ್ಷದಿಂದ ಒಂದು ಡಬ್ಬಿ ಎರೆಹುಳು ಇದೆ. ಅದಕ್ಕೆ ಕಾರಣ ಹಾಲ್‌ನ ಗಾಜಿನ ತೊಟ್ಟಿಯಲ್ಲಿರುವ ಆಕ್ಸೊಲಾಟಲ್. ನೋಡದವರಿಗೆ ಹೇಳುವುದಾದರೆ, ಗೇಣುದ್ದದ ನೀರುಹಲ್ಲಿ. ಬಿಳಿ ಗುಲಾಬಿ ಮೈ, ತಲೆಯ ಎರಡೂ ಕಡೆ ಮೂರು ಮೂರು ಗರಿಯಂಥ ಕಿವಿರು.

ನಾನು ತುಮಕೂರಿನ ಸತ್ಯಮಂಗಲದ ಒಂದು ಸಣ್ಣ ಫ್ಯಾಕ್ಟರಿಯ ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ಕಬ್ಬಿಣದ ಭಾಗಗಳಿಗೆ ತಾಮ್ರ, ನಿಕ್ಕಲ್ ಲೇಪ ಹಾಕುವ ಕಡೆ. ಅಲ್ಲಿದ್ದವರೊಬ್ಬರು ಊರು ಬಿಡುವಾಗ ಈ ಪ್ರಾಣಿಯನ್ನು ತೊಟ್ಟಿ ಸಮೇತ ನನ್ನ ಕೈಗಿಟ್ಟರು. ನಮಗೆ ಮಕ್ಕಳಿಲ್ಲ. ಅದಕ್ಕೇ ಇವಳು ಇದನ್ನು ಮಗು ಮಾಡಿಕೊಂಡಿದ್ದಾಳೆ ಎಂದು ಯಾರಾದರೂ ಅಂದರೆ ನನಗೆ ಮೈಯೆಲ್ಲ ಉರಿಯುತ್ತದೆ. ಅದು ಪ್ರಾಣಿ, ನಾನು ಮನುಷ್ಯಳು, ಅಷ್ಟೆ. ಆದರೂ ಸಂಜೆ ಬಂದು ಚಪ್ಪಲಿ ಬಿಡುವಷ್ಟರಲ್ಲಿ ಅದು ಗಾಜಿನ ಹತ್ತಿರ ಬಂದು ಮೂತಿ ಒತ್ತಿ ನಿಲ್ಲುತ್ತಿತ್ತು. ನನ್ನನ್ನು ಹಾಗೆ ಕಾದವರು ಬೇರೆ ಯಾರೂ ಇಲ್ಲ.

ನಮ್ಮ ಅತ್ತೆ ನಮ್ಮ ಜೊತೆಯಲ್ಲೇ ಇದ್ದಾರೆ. ಮೊದಮೊದಲು, "ಹುಳ ಕೊಂದ ಪಾಪ ಯಾರಿಗೆ ಕಣವ್ವ?" ಅನ್ನುತ್ತಿದ್ದರು. ಆರು ತಿಂಗಳಿಗೆಲ್ಲ ರಾಗ ಬದಲಾಯಿತು. ನಾನು ಮರೆತರೆ ಅವರೇ ರೂಮಿನಿಂದ, "ಮರಿಗೆ ಊಟ ಹಾಕ್ದಾ?" ಎಂದು ಕೇಳುತ್ತಿದ್ದರು.

ಈ ಪ್ರಾಣಿಗೆ ಬೇಕಾದದ್ದು ತಣ್ಣನೆಯ ನೀರು. ತುಮಕೂರಿನ ಬೇಸಿಗೆಯಲ್ಲಿ ತಣ್ಣನೆಯ ನೀರು ಎಲ್ಲಿಂದ ತರುವುದು? ನಲ್ಲಿ ನೀರಿನ ಕ್ಲೋರಿನ್ ಹೋಗಲೆಂದು ಒಂದು ದಿನ ನೀಲಿ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಹಿಡಿದಿಟ್ಟು ಆಮೇಲೆ ತೊಟ್ಟಿಗೆ ಹಾಕುತ್ತಿದ್ದೆ. ಈ ಸಲ ಯುಗಾದಿ ಮುಗಿಯುತ್ತಲೇ ಆ ಡ್ರಮ್ಮಿನ ನೀರು ಸ್ನಾನಕ್ಕೆ ಕಾಯಿಸಿದ ಹಾಗೆ ಬೆಚ್ಚಗಾಗತೊಡಗಿತು. ಆಗ ನನ್ನ ತವರು ಅಮೃತೂರಿನಿಂದ ಮದುವೆಯಲ್ಲಿ ಕೊಟ್ಟ ತಾಮ್ರದ ಹಂಡೆ ನೆನಪಾಯಿತು. ಗೀಸರ್ ಬಂದ ಮೇಲೆ ಸುಮ್ಮನೆ ಅಡುಗೆಮನೆ ಮೂಲೆಯಲ್ಲಿ ಶೋಗೆ ನಿಂತಿತ್ತು. ತಾಮ್ರದಲ್ಲಿಟ್ಟ ನೀರು ತಂಪು, ಶುದ್ಧ ಎಂದು ಹುಟ್ಟಿದಾಗಿನಿಂದ ಕೇಳಿದ್ದೇನೆ. ಹುಣಸೆಹಣ್ಣು, ಉಪ್ಪು ಹಾಕಿ ಕೆಂಪಗೆ ಹೊಳೆಯುವ ತನಕ ಉಜ್ಜಿ, ನೀರು ತುಂಬಿಸಿಟ್ಟು, ಮರುದಿನ ತೊಟ್ಟಿಗೆ ಹಾಕಿದೆ. ಪ್ರತಿ ಸಲವೂ ಹಾಗೆಯೇ ಉಜ್ಜಿ ತುಂಬಿದೆ.

ಮೂರನೆಯ ದಿನ ಅದು ಹುಳ ಮುಟ್ಟಲಿಲ್ಲ. ಕಿವಿರುಗಳು ಮುಂದಕ್ಕೆ ಮುದುರಿಕೊಂಡಿದ್ದವು. ನಾಲ್ಕನೆಯ ದಿನ ಬಾಲದ ತುದಿ ಸುರುಳಿಯಾಯಿತು, ಮೈಮೇಲೆ ಹಾಲಿನ ಕೆನೆಯಂಥ ಲೋಳೆ ಬಂತು. ಇಂಟರ್‌ನೆಟ್ಟಿನಲ್ಲಿ ಎಲ್ಲರೂ ಹೇಳುವುದು ಒಂದೇ: ಮೊದಲು ನೀರಿನಲ್ಲಿ ಕೊಳೆಯಿಂದ ಸೇರುವ ಅಮೋನಿಯಾ ನೋಡಿ. ನೋಡಿದೆ, ಸೊನ್ನೆ. ನೈಟ್ರೈಟ್ ಸೊನ್ನೆ. ಐಸ್ ಬಾಟಲಿ ತೇಲಿಬಿಟ್ಟು ನೀರಿನ ಉಷ್ಣತೆಯನ್ನೂ ಹದಿನೆಂಟು ಡಿಗ್ರಿಗೆ ಇಳಿಸಿದೆ. ಎರಡನೆಯ ಸಲಹೆ, ನೀರು ಹೆಚ್ಚೆಚ್ಚು ಬದಲಾಯಿಸಿ ಎಂದು. ದಿನಕ್ಕೊಂದು ಬಕೆಟ್ ಬದಲಾಯಿಸುತ್ತಿದ್ದವಳು ಎರಡಕ್ಕೆ ಏರಿಸಿದೆ. ಅದು ತಳ ಹಿಡಿದು ಮಲಗಿತು, ನಾನು ಬಂದರೂ ಕದಲಲಿಲ್ಲ.

ಆರನೆಯ ದಿನ ಬೆಳಿಗ್ಗೆ ನೋಡುತ್ತೇನೆ, ತೊಟ್ಟಿಯ ಗಾಜಿನ ಮೇಲೆ ವಿಭೂತಿಯ ಮೂರು ಪಟ್ಟೆ. ಅತ್ತೆ ಪೂಜೆ ಮುಗಿಸಿ ಬಂದು ಹಚ್ಚಿದ್ದರು. ನನಗೆ ಅಷ್ಟು ಹೊತ್ತಿಗೆ ಬೈಯಲು ಯಾರಾದರೂ ಒಬ್ಬರು ಸಿಗಬೇಕಾಗಿತ್ತು, ಸಿಕ್ಕರು.

"ದಿನಾ ಹಚ್ತಿದೀರಾ?" ಅಂದೆ.

"ಹುಷಾರಿಲ್ಲ ಅಂದಾಗಿಂದ ಹಚ್ತಿದೀನಿ. ಗಾಜಿನ ಹೊರಗಡೆ ಕಣವ್ವ," ಅಂದರು.

"ಮೇಲೆ ಬಾಯಿ ತೆರೆದಿದೆಯಲ್ಲ, ಒಳಗೆ ಬೀಳಲ್ವಾ? ನಿಮ್ಮ ಭಕ್ತಿಗೆ ನನ್ನ ಪ್ರಾಣಿ ಸಾಯ್ಬೇಕಾ?"

ಎಪ್ಪತ್ತೆರಡು ವರ್ಷದ ಹೆಂಗಸಿನ ಮುಂದೆ ನಿಂತು ನಾನಾಡಿದ ಮಾತು ಇದು. ಹೇಳಿ ನಿಲ್ಲಿಸಲೂ ಇಲ್ಲ, ಹಿಂದಿನ ಹತ್ತು ವರ್ಷದ್ದನ್ನೆಲ್ಲ ಕೆದಕಿದೆ. ಅತ್ತೆ ಸೆರಗಿನಿಂದ ಗಾಜು ಒರೆಸಿದರು. ಮಾರನೆಯ ದಿನ ಒಂದು ಬ್ಯಾಗು ಹಿಡಿದು ಗುಬ್ಬಿಗೆ, ಮಗಳ ಮನೆಗೆ ಹೊರಟರು. ಬಸ್ ಹತ್ತಿಸಿ ಬಂದ ನನ್ನ ಗಂಡ, "ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕ್ದಂಗಾಯ್ತು ನಿನ್ ಕಥೆ," ಎಂದಷ್ಟೇ ಹೇಳಿ ಪೇಪರ್ ತೆರೆದರು. ಅವರ ಜೊತೆಗೂ ಜಗಳವಾಡಿದೆ.

ವಿಭೂತಿ ಹೋಯಿತು, ಅತ್ತೆಯೂ ಹೋದರು. ಪ್ರಾಣಿ ಮಾತ್ರ ಇನ್ನೂ ಕೆಡುತ್ತಲೇ ಇತ್ತು. ಎಂಟನೆಯ ದಿನ ಕಿವಿರಿನ ಕೂದಲುಗಳು ಉದುರಿ ಕಡ್ಡಿಗಳಷ್ಟೇ ಉಳಿದವು. ಗುರುತಿದ್ದ ಪಶುವೈದ್ಯರಿಗೆ ಫೋಟೋ ಕಳಿಸಿ ಫೋನ್ ಮಾಡಿದೆ.

"ನಾನು ಹಸು, ನಾಯಿ ನೋಡೋನು ಕಣಮ್ಮ. ಇದನ್ನ ಇವತ್ತೇ ನೋಡ್ತಿರೋದು," ಎಂದು ಅವರು ಪ್ರಾಮಾಣಿಕವಾಗಿ ಹೇಳಿದರು. "ಆದ್ರೆ ಹಸು ಮೇವು ಬಿಟ್ರೆ ನಾನು ಒಂದೇ ಕೇಳೋದು. ಬಿಡೋದಕ್ಕೆ ಮುಂಚೆ ಮನೇಲಿ ಏನು ಹೊಸದು ಬಂತು?"

ಫೋನಿಟ್ಟು ಲೆಕ್ಕ ಹಾಕಿದೆ. ವಿಭೂತಿ ಬಂದದ್ದು ಕಾಯಿಲೆ ಶುರುವಾದ ಮೇಲೆ. ಅದು ನನಗೆ ಅಂದೇ ಗೊತ್ತಿತ್ತು, ಅತ್ತೆಯೇ ಹೇಳಿದ್ದರು. ಕಾಯಿಲೆಗೆ ಮುಂಚೆ ಬಂದದ್ದು ಹಂಡೆ. ಆದರೂ ಮನಸ್ಸು ಒಪ್ಪಲಿಲ್ಲ. ನಮ್ಮಜ್ಜಿಯ ಕಾಲದಿಂದ ಕುಡಿದ ನೀರು, ನಮಗೇನಾಗಿದೆ?

ಮರುದಿನ ಮೂರು ಬಾಟಲಿ ಲ್ಯಾಬಿಗೆ ಒಯ್ದೆ. ಒಂದರಲ್ಲಿ ನಲ್ಲಿ ನೀರು, ಒಂದರಲ್ಲಿ ತೊಟ್ಟಿಯದು, ಇನ್ನೊಂದರಲ್ಲಿ ಹಂಡೆಯದು. ಫ್ಯಾಕ್ಟರಿಯಿಂದ ಹೊರಬೀಳುವ ನೀರಿನಲ್ಲಿ ತಾಮ್ರ ಉಳಿದಿದೆಯೇ ಎಂದು ನೋಡಿ ಸಹಿ ಹಾಕುವುದು ದಿನಾ ನನ್ನ ಕೆಲಸ. ಕೆರೆಗೆ ಹೋದರೆ ಮೀನು, ಕಪ್ಪೆ ಸಾಯುತ್ತವೆ ಎಂದು ಹೊಸಬರಿಗೆ ಪಾಠ ಮಾಡುವವಳೂ ನಾನೇ. ಮೂರು ಸೀಸೆಗೂ ತಾಮ್ರವಿದ್ದರೆ ನೇರಳೆ ಬಣ್ಣ ತೋರಿಸುವ ಪುಡಿ ಹಾಕಿ ಅಲುಗಾಡಿಸಿದೆ. ನಲ್ಲಿ ನೀರು ಹಾಗೇ ಇತ್ತು. ತೊಟ್ಟಿಯದು ತಿಳಿ ನೇರಳೆಗೆ ತಿರುಗಿತು. ಹಂಡೆಯದು ನೇರಳೆ ಹಣ್ಣು ಹಿಂಡಿದ ಹಾಗಾಯಿತು. ಹುಳಿ ಹಾಕಿ ಉಜ್ಜಿ ಉಜ್ಜಿ ಹೊಸ ತಾಮ್ರ ತೆರೆದು, ಅದು ಕರಗಿದ ನೀರನ್ನೇ ನಾನು ದಿನಕ್ಕೆರಡು ಬಕೆಟ್ ಔಷಧಿಯೆಂದು ಸುರಿದಿದ್ದೆ.

ಅರ್ಧ ದಿನ ರಜೆ ಹಾಕಿ ಮನೆಗೆ ಓಡಿದೆ. ಪ್ರಾಣಿಯನ್ನು ಪ್ಲಾಸ್ಟಿಕ್ ಟಬ್ಬಿಗೆ ವರ್ಗಾಯಿಸಿದೆ. ನಲ್ಲಿ ನೀರಿಗೆ ಕ್ಲೋರಿನ್ ತೆಗೆಯುವ ಹನಿ ಹಾಕಿ, ಪಕ್ಕದಲ್ಲಿ ಐಸ್ ಬಾಟಲಿ ಇಟ್ಟು, ದಿನಾ ಪೂರ್ತಿ ನೀರು ಬದಲಾಯಿಸಿದೆ. ಎರಡು ದಿನ ಬದುಕಿದೆಯೋ ಇಲ್ಲವೋ ತಿಳಿಯುತ್ತಿರಲಿಲ್ಲ. ಗಂಟಲ ಕೆಳಗೆ ಚರ್ಮ ಅಲುಗುವುದನ್ನೇ ಕಾಯುತ್ತ ಕೂರುತ್ತಿದ್ದೆ. ಐದನೆಯ ದಿನ ಬಾಲ ನೆಟ್ಟಗಾಯಿತು. ಒಂಬತ್ತನೆಯ ದಿನ ಚಿಮಟದ ತುದಿಯ ಹುಳವನ್ನು ಗಬಕ್ಕನೆ ಎಳೆದುಕೊಂಡಿತು. ನಾನು ಅಡುಗೆಮನೆಗೆ ಹೋಗಿ ಅತ್ತುಬಿಟ್ಟೆ.

ಆ ಭಾನುವಾರ ಗುಬ್ಬಿಗೆ ಹೋದೆ. ಮೊಬೈಲಿನಲ್ಲಿ ಅದು ತಿನ್ನುವ ವಿಡಿಯೋ ಇತ್ತು. ಅದನ್ನು ತೋರಿಸಿದರೆ ಎಲ್ಲ ಸರಿಹೋಗುತ್ತದೆ ಎಂದುಕೊಂಡಿದ್ದೆ. ಅತ್ತೆ ಕನ್ನಡಕ ಹಾಕಿಕೊಂಡು ಎರಡು ಸಲ ನೋಡಿದರು.

"ತಿಂತಲ್ಲ, ಸದ್ಯ. ಏನಾಗಿತ್ತಂತೆ?"

ಹಂಡೆಯ ವಿಷಯ ಹೇಳಿದೆ. ಅವರು ಕನ್ನಡಕ ತೆಗೆದಿಟ್ಟರು.

"ಹುಳಿ ಹಾಕಿ ಉಜ್ಜಿದ್ಮೇಲೆ ಮೊದಲ್ನೇ ನೀರು ಗಿಡದ ಬುಡಕ್ಕೆ ಚೆಲ್ಲೋದು ಕಣವ್ವ. ಎರಡನೇದೂ ಚೆಲ್ತಿದ್ವಿ. ಅದು ಕುಡಿಯೋಕ್ ಬರಲ್ಲ. ಮರಿಗೆ ಅದೇ ನೀರು ಹಾಕ್ತಿದೀಯ ಅಂತ ನಂಗೇನ್ ಗೊತ್ತು? ಕೇಳಿದ್ರೆ ಹೇಳ್ತಿದ್ದೆ."

"ಮನೆಗೆ ಬನ್ನಿ, ಹೋಗಣ," ಅಂದೆ.

"ಬರ್ತೀನಿ ಬುಡು. ಆದ್ರೆ ಒಂದ್ ಮಾತು. ಅದಕ್ಕೆ ಹುಷಾರಿಲ್ಲ ಅಂತ ನನ್ ಮೇಲೆ ಕೂಗಾಡ್ದೆ. ನಾಳೆ ನಾನೇ ಮಲಗಿದ್ರೆ ಯಾರ ಮೇಲೆ ಕೂಗ್ತೀಯ?"

"ನಿಮ್ಮ ಮಗನ ಮೇಲೆ," ಅಂದೆ ತಮಾಷೆಗೆ. ಅತ್ತೆ ನಗಲಿಲ್ಲ. ನನ್ನ ಮುಖವನ್ನೇ ನೋಡುತ್ತಿದ್ದರು. ಬಂದು ಗಂಟೆಯಾಗಿತ್ತು, ಕಾಫಿ ಕುಡಿದಾಗಿತ್ತು, ತಾಮ್ರದ ವಿಷಯವೆಲ್ಲ ಲ್ಯಾಬಿನ ರಿಪೋರ್ಟಿನಂತೆ ಒಪ್ಪಿಸಿಯಾಗಿತ್ತು. ಹೇಳಬೇಕಾದ ಒಂದು ಮಾತು ಮಾತ್ರ ನನ್ನ ಬಾಯಿಂದ ಇನ್ನೂ ಬಂದಿರಲಿಲ್ಲ. ಕುರ್ಚಿಯಿಂದಿಳಿದು ನೆಲದ ಮೇಲೆ ಅವರ ಪಕ್ಕ ಕೂತೆ. "ತಪ್ಪಾಯ್ತು ಅತ್ತೆ," ಅಂದೆ.

ಅವರು ಒಳಗೆ ಹೋಗಿ ಬ್ಯಾಗು ತಂದರು. ಅದು ಆಗಲೇ ಕಟ್ಟಿಟ್ಟಿತ್ತು.