ಹೊರಗಿನ ನಾಲ್ಕು ಬೋಲ್ಟು

ಬೇಗಂ ಬಜಾರಿನ ಸಗಟು ಅಂಗಡಿಯಲ್ಲಿ ಒಂದು ಡಜನ್ ಹಳದಿ ನೇಲ್ ಪಾಲಿಶ್ ಕೇಳಿದರೆ ಅಂಗಡಿಯವ ಒಮ್ಮೆ ನಿಮ್ಮ ಮುಖ, ಒಮ್ಮೆ ನಿಮ್ಮ ಉಗುರು ನೋಡೇ ನೋಡುತ್ತಾನೆ. ನನ್ನ ಉಗುರಿನ ಸಂದಿಯಲ್ಲಿ ಕರಿ ಎಣ್ಣೆ ಇರುತ್ತಿತ್ತು. "ಶಾದಿ ಐತೇನು ಬೇಟಿ?" ಅಂತ ಕೇಳಿದ. "ಎಂಜಿನ್ನಿಗೆ ಬೇಕು ಚಾಚಾ" ಅಂದೆ. ಅವನು ನಕ್ಕ. ಬಿಳಿಯದೂ ಒಂದು ಡಜನ್ ಕೊಡಿ ಅಂದಾಗ ನಗು ನಿಲ್ಲಿಸಿ ಸುಮ್ಮನೆ ಕಟ್ಟಿಕೊಟ್ಟ.

ನಾನು ಹೇಳಿದ್ದು ನಿಜವೇ. ನಮ್ಮ ವರ್ಕ್‌ಶಾಪಿನಲ್ಲಿ ಎಂಜಿನ್ನಿನ ಬೋಲ್ಟು ಬಿಗಿದವರು ಅದರ ತಲೆಯ ಮೇಲೆ ಒಂದು ಬಿಳಿ ಗೀಟು ಎಳೆಯಬೇಕಿತ್ತು. ಆಮೇಲೆ ಎರಡನೆಯವರು ಬಂದು ಅದೇ ಬೋಲ್ಟಿಗೆ ಮತ್ತೆ ಬಿಗಿತ ಅಳೆಯುವ ಟಾರ್ಕ್ ರೆಂಚ್ ಇಟ್ಟು, ಅದು ಟಕ್ ಅನ್ನುವುದನ್ನು ಕೇಳಿ, ಪಕ್ಕದಲ್ಲಿ ಹಳದಿ ಗೀಟು ಎಳೆಯಬೇಕು. ಎರಡೂ ಬಣ್ಣ ಬಿದ್ದ ಮೇಲೆಯೇ ಎಂಜಿನ್ನಿನ ಮುಚ್ಚಳ ಹಾಕುವುದು. ನೇಲ್ ಪಾಲಿಶ್ ಯಾಕೆಂದರೆ ಬ್ರಷ್ ಬಾಟಲಿಯ ಬಿರಡೆಯಲ್ಲೇ ಇರುತ್ತದೆ, ಎಣ್ಣೆಗೂ ಬೇಗ ಅಳಿಸುವುದಿಲ್ಲ. ಅದನ್ನು ತರುವ ಕೆಲಸ ನನ್ನ ಪಾಲಿಗೆ ಬಂದದ್ದು ಯಾಕೆ ಅಂತ ಹೇಳಬೇಕಾಗಿಲ್ಲ. ಅಲ್ಲಿದ್ದ ಒಬ್ಬಳೇ ಹೆಂಗಸು ನಾನು.

ನನ್ನ ಅಪ್ಪ ಅವ್ವ ಯಾದಗಿರಿ ಕಡೆಯಿಂದ ಹೈದರಾಬಾದಿಗೆ ಸಿಮೆಂಟ್ ಕೆಲಸಕ್ಕೆ ಬಂದವರು. ಮಣಿಕೊಂಡದಲ್ಲಿ ಈಗ ಎದ್ದು ನಿಂತಿರುವ ಎಷ್ಟೋ ಅಪಾರ್ಟ್‌ಮೆಂಟುಗಳು ಬರೀ ಕಂಬಗಳಾಗಿದ್ದಾಗ ನಾನು ಅವುಗಳ ಕೆಳಗೆ ತಗಡಿನ ಮನೆಯಲ್ಲಿ ಬೆಳೆದೆ. ಐಟಿಐ ಮುಗಿಸಿ ಆ ದೊಡ್ಡ ವರ್ಕ್‌ಶಾಪಿಗೆ ಸೇರಿದಾಗ ಕೊಟ್ಟ ಕೆಲಸ ಕಾರು ತೊಳೆಯುವುದು. ಎರಡು ವರ್ಷ ತೊಳೆದೆ. ಸರ್ಟಿಫಿಕೇಟಿನಲ್ಲಿ ಮೋಟಾರ್ ಮೆಕ್ಯಾನಿಕ್ ಅಂತ ಇತ್ತು, ಕೈಯಲ್ಲಿ ಸೋಪಿನ ನೊರೆ ಇತ್ತು.

ಅಲ್ಲಿಂದ ನನ್ನನ್ನು ಎತ್ತಿದವನು ಎಂಜಿನ್ ವಿಭಾಗದ ಹಿರಿಯ ಮೆಕ್ಯಾನಿಕ್. ಕಲಬುರಗಿ ಕಡೆಯವನು. ವರ್ಕ್‌ಶಾಪಿನಲ್ಲೆಲ್ಲ ತೆಲುಗು, ಹಿಂದಿ. ನಾನು ಅವ್ವನ ಜೊತೆ ಫೋನಿನಲ್ಲಿ ಮಾತಾಡುವುದು ಕಿವಿಗೆ ಬಿದ್ದು ನಿಂತ.

"ಯಾವೂರವ್ವಾ?"

"ಯಾದಗಿರಿ ಕಡೇರಿ."

"ಮತ್ತ ಇಷ್ಟ ದಿನ ಬಾಯಿ ಮುಚಗೊಂಡು ಕುಂತೀಯಲ್ಲ ತಂಗಿ."

ಆವತ್ತಿನಿಂದ ನಾನು ತಂಗಿ, ಅವನು ಅಣ್ಣ. ಊಟದ ಡಬ್ಬಿ ಒಟ್ಟಿಗೆ ಬಿಚ್ಚುತ್ತಿದ್ದೆವು. ಅವನ ಹೆಂಡತಿ ಶೇಂಗಾ ಚಟ್ನಿಯನ್ನು ನನಗೂ ಸೇರಿಸಿ ಕಟ್ಟುತ್ತಿದ್ದಳು. ಮ್ಯಾನೇಜರನ ಹತ್ತಿರ ಹೋಗಿ ಈ ಹುಡುಗಿಯನ್ನು ನನ್ನ ಕೈಕೆಳಗೆ ಕೊಡಿ ಎಂದವನು ಅವನೇ. ಮ್ಯಾನೇಜರ್ ಒಪ್ಪಿದ, ಆದರೆ ಒಂದು ಷರತ್ತು ಹಾಕಿದ: ಮೂರು ತಿಂಗಳು ನೋಡುತ್ತೇನೆ, ಒಂದೇ ಒಂದು ದೂರು ಬಂದರೂ ವಾಪಸ್ ನೀರಿನ ಪೈಪು ಹಿಡಿಯಬೇಕು. ಸರಿ ಅಂದೆ. ಆ ಮೂರು ತಿಂಗಳು ದಾಟಿಬಿಟ್ಟರೆ ನಾನು ಮೆಕ್ಯಾನಿಕ್. ನನಗೆ ಬೇಕಾಗಿದ್ದದ್ದು ಅಷ್ಟೇ.

ಅಣ್ಣ ಚೆನ್ನಾಗಿ ಕಲಿಸಿದ. ಇದನ್ನು ಇಲ್ಲ ಅನ್ನಲು ನನಗೆ ಬಾಯಿ ಬರುವುದಿಲ್ಲ, ಎಷ್ಟು ಸಿಟ್ಟಿದ್ದರೂ. ಎಂಜಿನ್ನಿನ ಕೆಳಗಿನ ಭಾಗ ಬ್ಲಾಕು, ಅದರ ಮೇಲೆ ಕೂರುವುದು ಹೆಡ್ಡು, ಎರಡರ ನಡುವೆ ನೀರು, ಎಣ್ಣೆ ಬೆರೆಯದಂತೆ ತಡೆಯುವ ತೆಳ್ಳಗಿನ ಗ್ಯಾಸ್ಕೆಟ್. ಹೆಡ್ಡನ್ನು ಹಿಡಿದಿಡಲು ಹತ್ತು ಬೋಲ್ಟು. ಮನಸ್ಸಿಗೆ ಬಂದ ಹಾಗೆ ಬಿಗಿದರೆ ಹೆಡ್ಡು ಸೊಟ್ಟಗಾಗುತ್ತದೆ. ನಡುವಿನಿಂದ ಶುರು ಮಾಡಿ ಹೊರಗೆ ಹೋಗಬೇಕು. "ರೊಟ್ಟಿ ಹ್ಯಾಂಗ ಬಡೀತಿ? ನಡಬರಕ ಬಡದು ಅಂಚಿಗೆ ಹೊಕ್ಕಿಯಲ್ಲ, ಹಂಗ" ಅನ್ನುತ್ತಿದ್ದ. ಅದೂ ಒಂದೇ ಸಲಕ್ಕಲ್ಲ, ಮೂರು ಸುತ್ತು. ಮೊದಲ ಸುತ್ತು ಹಗುರ, ಎರಡನೆಯದು ಇನ್ನಷ್ಟು, ಮೂರನೆಯದಕ್ಕೆ ಕಂಪನಿಯ ಪುಸ್ತಕದಲ್ಲಿ ಬರೆದಷ್ಟು. ರೆಂಚಿನ ಹಿಡಿಕೆಯನ್ನು ತಿರುಗಿಸಿ ಆ ಅಂಕಿಗೆ ತಂದಿಟ್ಟರೆ, ಬೋಲ್ಟು ಅಷ್ಟು ಬಿಗಿಯಾದ ಕೂಡಲೇ ರೆಂಚು ಟಕ್ ಅನ್ನುತ್ತದೆ. ಅಲ್ಲಿಗೆ ನಿಲ್ಲಿಸಬೇಕು.

ಮೊದಲ ದಿನ ನಾನು ಜೋರು ಮಾಡಿ ಎಳೆದೆ. ಅಣ್ಣ ನನ್ನ ಮಣಿಕಟ್ಟಿನ ಮೇಲೆ ಎರಡು ಬೆರಳಿಂದ ತಟ್ಟಿದ.

"ಇದಕ್ಕ ತಾಕತ್ತು ಬ್ಯಾಡ ತಂಗಿ, ಸಬರ್ ಬೇಕು, ತಾಳ್ಮಿ ಬೇಕು. ಪೈಲ್ವಾನ್ ಎಳದ್ರೂ ಅಷ್ಟ, ನೀ ಎಳದ್ರೂ ಅಷ್ಟ. ಟಕ್ ಅಂದ್ರ ಟಕ್."

ಆ ಮಾತು ನನಗೆ ಎಷ್ಟು ಧೈರ್ಯ ಕೊಟ್ಟಿತು ಅಂತ ಅವನಿಗೆ ಗೊತ್ತಿರಲಿಲ್ಲವೇನೋ. ಐಟಿಐನಲ್ಲಿ, ವರ್ಕ್‌ಶಾಪಿನಲ್ಲಿ, ಮನೆಯಲ್ಲಿ, ಎಲ್ಲರೂ ಒಂದೇ ಹಾಡು ಹಾಡುತ್ತಿದ್ದರು: ಹೆಣ್ಣುಮಗಳ ಕೈ, ಬಲ ಸಾಲದು. ಇವನೊಬ್ಬ ಬಲದ ಮಾತೇ ಬೇಡ ಅಂದಿದ್ದ. ಕೆಲಸ ಮುಗಿದ ಮೇಲೆ ರೆಂಚಿನ ಸ್ಪ್ರಿಂಗನ್ನು ಸಡಿಲ ಮಾಡಿ ಪೆಟ್ಟಿಗೆಯಲ್ಲಿಡಬೇಕು ಅಂತಲೂ ಅವನೇ ಕಲಿಸಿದ. "ಬಿಗದ ಇಟ್ರ ಸುಳ್ಳ ಹೇಳಾಕ ಕಲೀತೈತಿ" ಅನ್ನುತ್ತಿದ್ದ.

ಈಗ ನನ್ನ ತಪ್ಪನ್ನೂ ಹೇಳಿಬಿಡುತ್ತೇನೆ. ಅವನು ಬಿಗಿದಾಗ ಹಳದಿ ಗೀಟು ನನ್ನದು. ನಿಯಮದ ಪ್ರಕಾರ ನಾನು ಹತ್ತಕ್ಕೂ ರೆಂಚು ಇಡಬೇಕು. ಮೊದಲ ವಾರ ಇಟ್ಟೆ. ಅಣ್ಣ ಏನೂ ಅನ್ನಲಿಲ್ಲ, ಆದರೆ ಪಕ್ಕದ ಕಾರಿನ ಕೆಲಸದಲ್ಲಿದ್ದವರು ಬಿಡಲಿಲ್ಲ. ಗುರುವಿಗೇ ಪರೀಕ್ಷೆ ನಡೆಸುತ್ತಿದ್ದಾಳೆ ನೋಡಿ ಅಂತ ಹಿಂದಿಯಲ್ಲಿ ಕಿಚಾಯಿಸಿದರು. ನನಗೂ ಸಂಕೋಚವಾಯಿತು. ಚಟ್ನಿ ಕಟ್ಟಿಸಿಕೊಂಡು ಬರುವವನ ಕೆಲಸದಲ್ಲಿ ಹುಳುಕು ಹುಡುಕುವುದೆಂದರೇನು? ಎರಡನೆಯ ವಾರದಿಂದ ಅವನ ಬಿಳಿ ಗೀಟಿನ ಪಕ್ಕ ನನ್ನ ಹಳದಿ ಗೀಟು ಸುಮ್ಮನೆ ಬೀಳತೊಡಗಿತು. ಅವನಿಗೂ ಅದು ಗೊತ್ತಿತ್ತು. ನಾನು ಬಿಗಿದದ್ದಕ್ಕೆ ಅವನು ಮಾತ್ರ ಹತ್ತಕ್ಕೂ ರೆಂಚು ಇಡುತ್ತಿದ್ದ. ಕಲಿಯುವವಳಲ್ಲವೇ, ಇಡಲಿ ಅಂದುಕೊಂಡಿದ್ದೆ.

ಮೂರು ತಿಂಗಳಿಗೆ ಇನ್ನು ಹತ್ತೇ ದಿನ ಇತ್ತು. ಬೆಳಿಗ್ಗೆ ಒಂದು ಬಿಳಿ ಕಾರಿನ ಹೆಡ್ಡು ಕೂರಿಸುತ್ತಿದ್ದೆವು. ಅಣ್ಣ ಬಿಗಿಯುತ್ತಿದ್ದ, ನಾನು ಪಕ್ಕದಲ್ಲಿ ಮುಚ್ಚಳ ತೊಳೆಯುತ್ತಿದ್ದೆ. ಮೂರನೆಯ ಸುತ್ತಿನಲ್ಲಿ ಆರು ಬೋಲ್ಟು ಮುಗಿದಿದ್ದವು, ಮ್ಯಾನೇಜರ್ ಕೂಗಿದ. ಮುಂದಿನ ಕೌಂಟರಿನಲ್ಲಿ ಯಾರೋ ಗಿರಾಕಿ ಗಲಾಟೆ ಮಾಡುತ್ತಿದ್ದ, ಹಿರಿಯ ಮೆಕ್ಯಾನಿಕ್ಕೇ ಬಂದು ಹೇಳಬೇಕಂತೆ. ಅಣ್ಣ ರೆಂಚು ಇಟ್ಟು ಹೋದ. ನಾನೂ ಸೀಮೆಎಣ್ಣೆ ತರಲು ಹೋದೆ. ತಿರುಗಿ ಬಂದಾಗ ಅವನು ಆಗಲೇ ಬಂದಿದ್ದ, ಕೈಯಲ್ಲಿ ಬಿಳಿ ಬಾಟಲಿ ಇತ್ತು, ಹತ್ತೂ ಬೋಲ್ಟಿನ ಮೇಲೆ ಗೀಟು ಒದ್ದೆಯಾಗಿ ಹೊಳೆಯುತ್ತಿತ್ತು. ಗಲಾಟೆಯ ಸಿಟ್ಟು ಅವನ ಮುಖದಲ್ಲಿ ಇನ್ನೂ ಇತ್ತು.

ಇಷ್ಟು ಬೇಗ ನಾಲ್ಕು ಮುಗಿದವೇ ಅಂತ ಅನ್ನಿಸಿತು. ಅನ್ನಿಸಲಿಲ್ಲ ಅಂದರೆ ಸುಳ್ಳಾಗುತ್ತದೆ. ನನ್ನ ಕೈ ರೆಂಚಿನವರೆಗೂ ಹೋಗಿತ್ತು. ಅವನ ಮುಖ ನೋಡಿ ಹಿಂದಕ್ಕೆ ಎಳೆದುಕೊಂಡೆ. ಹಳದಿ ಬಾಟಲಿ ತೆಗೆದು ಹತ್ತು ಗೀಟು ಎಳೆದೆ.

ಒಂದು ವಾರಕ್ಕೆ ಆ ಕಾರು ಲಾರಿಯ ಮೇಲೆ ವಾಪಸ್ ಬಂತು. ಬೀದರ್ ರಸ್ತೆಯಲ್ಲಿ ಬಿಳಿ ಹೊಗೆ ಉಗುಳಿ ನಿಂತುಬಿಟ್ಟಿತ್ತು. ಬಿಚ್ಚಿದರೆ ನೀರು ಎಣ್ಣೆಗೆ ಸೇರಿ ಹಾಲು ಹೆಚ್ಚಾದ ಚಹಾದ ಬಣ್ಣಕ್ಕೆ ತಿರುಗಿತ್ತು. ನಡುವಿನ ಆರು ಬೋಲ್ಟು ಬಿಚ್ಚಲು ಉದ್ದನೆಯ ಸ್ಪ್ಯಾನರಿಗೆ ಮೈಭಾರ ಹಾಕಬೇಕಾಯಿತು. ಹೊರಗಿನ ನಾಲ್ಕು ಸಲೀಸಾಗಿ ತಿರುಗಿದವು. ಆ ನಾಲ್ಕರ ಮೇಲೂ ಬಿಳಿ ಇತ್ತು, ಹಳದಿ ಇತ್ತು.

ಮ್ಯಾನೇಜರ್ ನಮ್ಮಿಬ್ಬರನ್ನೂ ಕಾರಿನ ಮುಂದೆ ನಿಲ್ಲಿಸಿದ. ನನಗೆ ಭಯವಾಗಲಿಲ್ಲ, ನಾಚಿಕೆಯಾಯಿತು. ನೋಡದೆ ಗೀಟು ಎಳೆದೆ ಅಂತ ಒಪ್ಪಿಕೊಳ್ಳಲು ಮನಸ್ಸು ಗಟ್ಟಿ ಮಾಡಿಕೊಂಡೆ. ಅಣ್ಣನೂ ಹೇಳುತ್ತಾನೆ ಅಂದುಕೊಂಡೆ, ನಡುವೆ ಕರೆದಿರಿ, ಎಲ್ಲಿಗೆ ಬಿಟ್ಟಿದ್ದೆ ಅನ್ನುವುದು ಮರೆತೆ ಅಂತ. ಇಪ್ಪತ್ತು ವರ್ಷ ಕೆಲಸ ಮಾಡಿದವನಿಗೆ ಒಂದು ಬೈಗುಳ ಬೀಳುತ್ತದೆ, ಅಷ್ಟೇ.

ಅಣ್ಣ ಹಿಂದಿಯಲ್ಲಿ ಶುರು ಮಾಡಿದ. ಆವತ್ತು ನೀವೇ ನನ್ನನ್ನು ಕೌಂಟರಿಗೆ ಕರೆದಿರಿ ಸಾರ್, ಅಂದ. ಮ್ಯಾನೇಜರ್ ಹೌದು ಅಂತ ತಲೆಯಾಡಿಸಿದ. ಹೊರಗಿನ ನಾಲ್ಕು ಉಳಿದಿದ್ದವು, ಮುಗಿಸು ಅಂತ ಇವಳಿಗೆ ಹೇಳಿ ಬಂದೆ, ಅಂದ. ಬಿಳಿ, ಹಳದಿ ಎರಡೂ ಇವಳೇ ಹಚ್ಚಿದ್ದಾಳೆ. ಆಮೇಲೆ ನನ್ನ ಮೇಲೆ ಕನಿಕರ ತೋರಿಸುವವನ ಹಾಗೆ ಸೇರಿಸಿದ: ಹುಡುಗಿ ಕೈ ಸಾರ್, ಬಲ ಸಾಲಲಿಲ್ಲ.

ನನಗೆ ಕಾರಿನ ವಿಷಯ ಮರೆತೇಹೋಯಿತು. ನಾಲ್ಕು ಬೋಲ್ಟು ನನ್ನ ತಲೆಗೆ ಕಟ್ಟಿದ್ದನ್ನು ಹೇಗೋ ನುಂಗಿಕೊಳ್ಳುತ್ತಿದ್ದೆನೇನೋ. ಆದರೆ ರೆಂಚಿಗೆ ತಾಕತ್ತು ಬೇಡ ಅಂತ ನನ್ನ ಮಣಿಕಟ್ಟು ತಟ್ಟಿ ಕಲಿಸಿದವನು ಇವನು. ಬಲದ ಆ ಮಾತು ಸುಳ್ಳು ಅಂತ ನನ್ನನ್ನು ಬಿಟ್ಟರೆ ಅಲ್ಲಿ ಗೊತ್ತಿದ್ದವನು ಅವನೊಬ್ಬನೇ. ಮ್ಯಾನೇಜರ್ ಎಲ್ಲ ಅರ್ಥವಾದವನ ಹಾಗೆ ತಲೆಯಾಡಿಸಿದ.

"ಬಿಳಿ ನನ್ನದಲ್ಲ ಸಾರ್. ಹಳದಿ ನನ್ನದು. ರೆಂಚು ಇಡದೆ ಹಚ್ಚಿದೆ" ಅಂದೆ.

"ನೋಡಿ, ಒಪ್ಪಿಕೊಂಡಳು" ಅಂದ ಅಣ್ಣ.

ಮಧ್ಯಾಹ್ನಕ್ಕೆ ಕೈಗೆ ನೀರಿನ ಪೈಪು ಬಂತು. ಊಟದ ಹೊತ್ತಿಗೆ ಅಣ್ಣ ನಲ್ಲಿಯ ಹತ್ತಿರ ಬಂದು ದನಿ ತಗ್ಗಿಸಿದ.

"ತಂಗಿ, ತಪ್ಪು ತಿಳೀಬ್ಯಾಡ. ನಂಗ ಫೋರ್‌ಮನ್ ಮಾಡೋ ಮಾತ ನಡದೈತಿ. ನೀ ಸಣ್ಣಾಕಿ, ಮುಂದ ಭಾಳ ಟೈಮ್ ಐತಿ. ನಾನ ನಿನ್ನ ಮತ್ತ ಎಂಜಿನ್ನಿಗೆ ಕರಕೋತೀನಿ."

ಹಿಂದಿಯಲ್ಲಿ ನನ್ನನ್ನು ಮುಗಿಸಿ, ಕನ್ನಡದಲ್ಲಿ ಸಮಾಧಾನ ಮಾಡಲು ಬಂದಿದ್ದ. ಅವನ ಕೈಯಲ್ಲಿ ಚಟ್ನಿಯ ಡಬ್ಬಿ ಇತ್ತು. ನಾನು ಪೈಪಿನ ನೀರನ್ನು ಅವನ ಬೂಟಿನ ಮೇಲೆ ಬಿಟ್ಟೆ. ಇವತ್ತಿಗೂ ನನಗೆ ಅದರ ಬಗ್ಗೆ ಪಶ್ಚಾತ್ತಾಪ ಇಲ್ಲ.

ಅವನು ಫೋರ್‌ಮನ್ ಆದ. ನನ್ನನ್ನು ಕರೆದುಕೊಳ್ಳಲಿಲ್ಲ. ಎಂಟು ತಿಂಗಳು ತೊಳೆದು, ಬಿಟ್ಟು ಬಂದೆ.

ಮಣಿಕೊಂಡದಲ್ಲಿ ನಾಲ್ಕು ಕಾರು ಹಿಡಿಸುವ ಒಂದು ಗ್ಯಾರೇಜು ನನ್ನನ್ನು ಮೆಕ್ಯಾನಿಕ್ ಅಂತಲೇ ತೆಗೆದುಕೊಂಡಿತು. ಈಗ ಅಲ್ಲಿ ಎಂಜಿನ್ ಕೆಲಸವೆಲ್ಲ ನನ್ನದೇ. ಬಿಳಿ ಹಳದಿ ಪದ್ಧತಿಯನ್ನು ನಾನೇ ಅಲ್ಲಿಗೆ ತಂದೆ, ಆದರೆ ನನ್ನ ಬಿಳಿ ಗೀಟಿನ ಮೇಲೆ ರೆಂಚು ಇಡದವರಿಗೆ ಹಳದಿ ಬಾಟಲಿ ಕೊಡುವುದಿಲ್ಲ.

ಹೋದ ವರ್ಷ ಅಣ್ಣ ಬಂದ. ಮೊಣಕಾಲು ಹೋಗಿ ವರ್ಕ್‌ಶಾಪ್ ಬಿಟ್ಟಿದ್ದನಂತೆ, ಸ್ವಂತ ಕಾರು ಇಟ್ಟುಕೊಂಡು ಆಫೀಸಿನವರನ್ನು ಕರೆದೊಯ್ಯುತ್ತಿದ್ದ. ಕಾರಿನ ಹೆಡ್ ಗ್ಯಾಸ್ಕೆಟ್ ಹೋಗಿತ್ತು.

"ಬ್ಯಾರೇವ್ರ ಕೈಯಾಗ ಕೊಡಾಕ ಮನಸ ಬರಲಿಲ್ಲ ತಂಗಿ" ಅಂದ.

ಎಷ್ಟು ವರ್ಷ ಕಾದಿದ್ದೆ ಈ ಮನುಷ್ಯ ಒಂದು ಮಾತು ಹೇಳಲಿ ಅಂತ. ಈ ಮಾತಲ್ಲ, ಆ ಇನ್ನೊಂದು. ಅದನ್ನು ಅವನು ಹೇಳಲಿಲ್ಲ. ಕಾರು ಒಳಗೆ ತೆಗೆದುಕೊಂಡೆ.

ಅವನು ಸ್ಟೂಲಿನ ಮೇಲೆ ಕೂತು ಮೊಬೈಲು ನೋಡುತ್ತಿದ್ದ, ನಾನು ಮೂರನೆಯ ಸುತ್ತು ಹಾಕುತ್ತಿದ್ದೆ. ಆರನೆಯ ಬೋಲ್ಟಿಗೆ ಕೈ ನಿಂತಿತು. ಇಲ್ಲಿಗೆ ಬಿಟ್ಟರೆ ಇವನೂ ಬೀದರ್ ರಸ್ತೆಯಲ್ಲಿ ನಿಲ್ಲುತ್ತಾನೆ ಅನ್ನುವ ಯೋಚನೆ ಬಂತು, ಮತ್ತು ಅದು ರುಚಿಯಾಗಿತ್ತು. ಆಮೇಲೆ ಏಳನೆಯದಕ್ಕೆ ರೆಂಚು ಇಟ್ಟೆ. ಎಂಟು, ಒಂಬತ್ತು, ಹತ್ತು. ಬಿಳಿ ಗೀಟು ಎಳೆದೆ.

ನನ್ನ ಜೊತೆಯವನು ಆವತ್ತು ರಜೆ. ಹಳದಿ ಬಾಟಲಿಯನ್ನು ಅಣ್ಣನ ಮುಂದೆ ಹಿಡಿದೆ. "ನೀವ ಹಚ್ಚರಿ ಅಣ್ಣಾರ."

ಅವನು ಬಾಟಲಿ ತೆಗೆದುಕೊಳ್ಳಲಿಲ್ಲ. ಮೊದಲು ರೆಂಚಿಗೆ ಕೈ ಚಾಚಿದ. ಹಿಡಿಕೆಯ ಮೇಲಿನ ಅಂಕಿ ನೋಡಿಕೊಂಡ, ಎದ್ದು ಬಂದು ಬಾನೆಟ್ಟಿನೊಳಗೆ ಬಗ್ಗಿದ. ನಡುವಿನಿಂದ ಶುರು ಮಾಡಲಿಲ್ಲ. ನೇರ ಹೊರಗಿನ ನಾಲ್ಕಕ್ಕೇ ಹೋದ. ಒಂದೂ ತಿರುಗದೆ ಟಕ್, ಟಕ್, ಟಕ್, ಟಕ್ ಅಂದವು. ಅವನು ಉಸಿರು ಬಿಟ್ಟದ್ದು ನನಗೆ ಕೇಳಿಸಿತು. ಉಳಿದ ಆರನ್ನು ಮುಟ್ಟದೆ ಹಳದಿ ಬಾಟಲಿಗೆ ಕೈ ಚಾಚಿದ.

ಅಲ್ಲಿಯವರೆಗೆ ನನ್ನ ಮನಸ್ಸಿನ ಮೂಲೆಯಲ್ಲಿ ಒಂದು ಅನುಮಾನ ಉಳಿದಿತ್ತು, ಆವತ್ತು ಅವನಿಗೆ ನಿಜವಾಗಿಯೂ ಮರೆತುಹೋಗಿರಬಹುದು, ನನಗೆ ಹೇಳಿದೆ ಅಂತಲೇ ನಂಬಿದ್ದಿರಬಹುದು ಅಂತ. ತನ್ನ ತಪ್ಪು ಗೊತ್ತಿಲ್ಲದವನು ನನ್ನ ಸೇಡಿಗೆ ಹೆದರಿ ನೇರ ಆ ನಾಲ್ಕಕ್ಕೇ ಹೋಗುವುದಿಲ್ಲ. ಅದಕ್ಕಿಂತ ನೋವಾದದ್ದು ಇನ್ನೊಂದು. ನಾನೂ ತನ್ನ ಹಾಗೇ ಮಾಡಿರುತ್ತೇನೆ ಅಂದುಕೊಂಡಿದ್ದ.

ಬಾಟಲಿಯನ್ನು ಹಿಂದಕ್ಕೆ ಎಳೆದುಕೊಂಡೆ.

"ಉಳದ ಆರೂ ನೋಡ್ರಿ ಅಣ್ಣಾರ."

"ಬ್ಯಾಡ ಬಿಡು ತಂಗಿ, ನಿನ್ನ ಕೈಕೆಲಸ ನಂಗ ಗೊತ್ತೈತಿ."

"ಹತ್ತೂ ನೋಡದ ಕೀಲಿ ಕೊಡೂದಿಲ್ರಿ. ಇಲ್ಲಿ ಹಂಗ ಐತಿ."

ಅವನು ನನ್ನ ಮುಖ ನೋಡಿದ. ಆಮೇಲೆ ಒಂದು ಕೈಯಲ್ಲಿ ಮೊಣಕಾಲು ಒತ್ತಿ ಹಿಡಿದು ಮತ್ತೆ ಬಗ್ಗಿದ. ನಾನು ಪಕ್ಕದಲ್ಲೇ ನಿಂತು ಎಣಿಸಿದೆ. ಆರು ಸಲ ಟಕ್ ಅಂದ ಮೇಲೆ ಬಾಟಲಿ ಕೊಟ್ಟೆ.