ಅಪ್ಪ ಹೇಳದೆ ಬಿಟ್ಟ ವಾಕ್ಯ

ನಾನು ನಿಂತಿದ್ದದ್ದು ವೇದಿಕೆಯ ಎಡಗಡೆ, ಆಂಪ್ಲಿಫೈಯರ್ ಪಕ್ಕದಲ್ಲಿ, ಕಿಟಕಿಗೆ ಬೆನ್ನು ಕೊಟ್ಟು. ತೊಂಬತ್ತೇಳರ ಮಳೆಗಾಲ, ಒಂದು ಭಾನುವಾರ, ಬೆಳಗಿನ ಆರಾಧನೆ ಮುಗಿಯುವ ಹೊತ್ತು. ಸಾರಕ್ಕಿಯಲ್ಲಿ ಹಾರ್ಡ್‌ವೇರ್ ಅಂಗಡಿಯೊಂದರ ಮೇಲಿನ ಹಾಲ್ ನಮ್ಮ ಪ್ರಾರ್ಥನಾಲಯವಾಗಿತ್ತು. ಮೈಕಿನ ಉಸ್ತುವಾರಿ ನನ್ನದು. ಮುಂದೆ ಬರೆಯುವ ಮಾತುಗಳನ್ನು ನಾನು ಕಿವಿಯಾರೆ ಕೇಳಿದ್ದೇನೆ. ಊಹಿಸಿದ್ದು ಯಾವುದೂ ಇಲ್ಲ.

ಹೊರಗಿನಿಂದ ಬರುವ ಬೋಧಕರ ಇಂಗ್ಲಿಷನ್ನು ಕನ್ನಡಕ್ಕೆ ತರುತ್ತಿದ್ದವರು ಅಪ್ಪ. ಅವರು ಹೈಸ್ಕೂಲಿನಲ್ಲಿ ಇಂಗ್ಲಿಷ್ ಮೇಷ್ಟ್ರು. ಬೋಧಕರು ಒಂದು ವಾಕ್ಯ ಹೇಳಿ ನಿಲ್ಲಿಸಿದರೆ ಅಪ್ಪ ಒಂದು ವಾಕ್ಯ. ಬೋಧಕರು ‘ನಾನು’ ಎಂದರೆ ಅಪ್ಪನೂ ‘ನಾನು’ ಎನ್ನಬೇಕು. ಹೀಗಾಗಿ ಬಂದವರ ಹಳೆಯ ಪಾಪಗಳೆಲ್ಲ ಅಪ್ಪನ ಬಾಯಿಂದ ಬರುತ್ತಿದ್ದವು. ಅಮ್ಮನ ಪಕ್ಕ ಕೂರುತ್ತಿದ್ದ ಬೇಗೂರಿನ ಆಂಟಿ ಛೇಡಿಸುತ್ತಿದ್ದರು: “ಏನಕ್ಕಾ, ನಿಮ್ಮನೆಯವ್ರು ಈ ವಾರಾನೂ ಕುಡ್ಕೊಂಡು ಹೆಂಡ್ತಿಗೆ ಹೊಡದ್ರಲ್ಲ.” ಅಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿ ನಗುತ್ತಿದ್ದಳು.

ಅಪ್ಪ ಒಂದು ಮಾತನ್ನೂ ಸೇರಿಸಿದವರಲ್ಲ, ಬಿಟ್ಟವರಲ್ಲ. ಬೈಬಲ್ಲಿನ ಪ್ರವಾದಿಗಳ ಕೆಲಸವೂ ಇಷ್ಟೇ ಎನ್ನುತ್ತಿದ್ದರು: ಕೇಳಿದ್ದನ್ನು ತಲುಪಿಸುವುದು, ರಾಜನಿಗೆ ಸಿಟ್ಟು ಬಂದರೂ ಸರಿಯೇ. ಶತ್ರುಗಳನ್ನು ಶಪಿಸಲೆಂದೇ ರಾಜನೊಬ್ಬ ಕರೆಸಿಕೊಂಡ ಬಿಳಾಮನಿಗೂ ದೇವರು ಬಾಯಲ್ಲಿಟ್ಟದ್ದನ್ನು ಬಿಟ್ಟು ಬೇರೆ ಹೇಳಲಾಗಲಿಲ್ಲ ಎಂಬ ಕಥೆ ಅವರಿಗೆ ಬಹಳ ಇಷ್ಟ.

ಅಮ್ಮನಿಗೆ ಮೂರ್ಛೆರೋಗವಿತ್ತು. ಮಾತ್ರೆಯಿಂದಾಗಿ ವರ್ಷಗಳಿಂದ ಹಿಡಿತದಲ್ಲಿತ್ತು. ಆ ಭಾನುವಾರ ಅವಳು ಪ್ರಾರ್ಥನೆಗೆಂದು ಮುಂದೆ ಬಂದು ಮೊಣಕಾಲೂರಿದಳು. ಬೋಧಕರು ಅವಳ ತಲೆಯ ಮೇಲೆ ಕೈಯಿಟ್ಟು, ದೇವರೇ ಆಡುವ ಹಾಗೆ, “ಮಗಳೇ, ನಾನು ನಿನ್ನನ್ನು ಗುಣಪಡಿಸಿದ್ದೇನೆ” ಎಂದರು. ಅಪ್ಪ ಅದನ್ನು ಕನ್ನಡದಲ್ಲಿ ಹೇಳಿದರು. ಇಂದಿನಿಂದ ಮಾತ್ರೆ ಮುಟ್ಟಬೇಡ ಎಂಬುದು ಬೋಧಕರ ಮುಂದಿನ ವಾಕ್ಯ. ಅಪ್ಪ ಸುಮ್ಮನಾದರು.

ಬೋಧಕರು ಅದನ್ನೇ ನಿಧಾನವಾಗಿ, ಬಿಡಿಸಿ ಹೇಳಿದರು, ಮೇಷ್ಟ್ರಿಗೆ ಇಂಗ್ಲಿಷ್ ತಿಳಿಯಲಿಲ್ಲವೇನೋ ಎಂಬಂತೆ. ಅಪ್ಪ ಮೈಕನ್ನು ಕೆಳಗಿಳಿಸಿ, ಹಿಂದೆ ಕೂತಿದ್ದ ನಮ್ಮ ಪಾಸ್ಟರ್ ಕಡೆ ತಿರುಗಿದರು.

“ಇದನ್ನ ನಾನು ಹೇಳಲ್ಲ, ಅಯ್ಯನವರೇ.”

ಅಯ್ಯನವರು ಎದ್ದು ಬಂದು ಮೈಕ್ ತೆಗೆದುಕೊಂಡರು. “ದೇವರ ಮಾತಿಗೆ ಕತ್ತರಿ ಹಾಕೋಕೆ ನೀವ್ಯಾರು, ಮೇಷ್ಟ್ರೇ?” ಎಂದು ಮೈಕಿನಲ್ಲೇ ಕೇಳಿದರು. ಆಮೇಲೆ ಆ ವಾಕ್ಯವನ್ನು ತಾವೇ ಕನ್ನಡದಲ್ಲಿ ಹೇಳಿದರು. ಸಭೆ ‘ಆಮೆನ್’ ಎಂದಿತು.

ಮನೆಗೆ ನಡೆಯುತ್ತ ಅಮ್ಮ ಕೇಳಿದಳು. “ಇಷ್ಟ್ ವರ್ಷ ಕಂಡೋರ ಕುಡಿತಾನೆಲ್ಲ ಹೇಳಿದ್ರಿ. ನನಗೆ ಅಂತ ಬಂದಿದ್ದು ಒಂದ್ ಮಾತು. ಅದನ್ನ ಹೇಳೋಕಾಗ್ಲಿಲ್ವಾ?”

“ಪ್ರವಾದಿ ಯೆರೆಮೀಯ ನಿಜ ಹೇಳ್ತಿದ್ದ ಕಾಲದಲ್ಲಿ ಹನನ್ಯಾನೂ ದೇವರ ಹೆಸರಲ್ಲೇ ಹೇಳ್ದ. ಜನಕ್ಕೆ ಬೇಕಾಗಿದ್ದನ್ನೇ ಹೇಳ್ದ. ಸುಳ್ಳಾಯ್ತು.”

“ಯಾರು ಹನನ್ಯ, ಯಾರು ಯೆರೆಮೀಯ ಅಂತ ನೀವು ತೀರ್ಮಾನ ಮಾಡ್ತೀರಾ?”

“ಮಾತ್ರೆ ತಗೊ” ಎಂದರು ಅಪ್ಪ. ಅವಳು ತೆಗೆದುಕೊಳ್ಳಲಿಲ್ಲ. ನಾನು ಬೇಡಿಕೊಂಡೆ, ಡಾಕ್ಟರು ಗದರಿದರು, ಅಪ್ಪ ಊಟ ಬಿಟ್ಟು ಕೂತರು. ಅವಳು ಹಾಡು ಗುನುಗುತ್ತ ಕೆಲಸ ಮಾಡಿಕೊಂಡಿದ್ದಳು. ಅಷ್ಟು ಹಗುರಾಗಿ ಅವಳನ್ನು ನಾನು ಎಂದೂ ನೋಡಿರಲಿಲ್ಲ, ಅದನ್ನೂ ಬರೆಯಬೇಕು.

ಪ್ರವಾದಿಯ ಮಾತು ನೆರವೇರಿತೇ ಎಂದು ನೋಡಿ ಅವನು ದೇವರು ಕಳಿಸಿದವನೋ ಅಲ್ಲವೋ ತಿಳಿಯಿರಿ ಎಂದು ಬೈಬಲ್ಲೇ ಹೇಳುತ್ತದೆ. ನಮಗೆ ತಿಳಿದದ್ದು ದಸರಾ ರಜೆಯಲ್ಲಿ, ಬಚ್ಚಲುಮನೆಯ ಬಾಗಿಲು ಮುರಿದಾಗ.

ಅಮ್ಮನ ಸಮಾಧಿಯ ಬಳಿ ಅಯ್ಯನವರು ಬೋಧಕರ ಹೆಸರೆತ್ತಲಿಲ್ಲ. ಬಿಡುಗಡೆಯ ಮಾತು ಬಂದ ಗಳಿಗೆಯಲ್ಲಿ ಮನೆಯವರೇ ಅಡ್ಡ ನಿಂತರೆ ದೇವರೇನು ಮಾಡಿಯಾನು ಎಂದರು. ಸಭೆ ಅದನ್ನೇ ನಂಬಿತು. ಅಪ್ಪ ಮತ್ತೆ ಯಾರ ಮಾತನ್ನೂ ಕನ್ನಡಕ್ಕೆ ತರಲಿಲ್ಲ. ಹೆಂಡತಿಯನ್ನು ಕೊಂದದ್ದು ತಮ್ಮ ಮೌನ ಎಂಬ ಆರೋಪವನ್ನು ಹೊತ್ತೇ ಕೆಲವು ವರ್ಷಗಳ ನಂತರ ತೀರಿಕೊಂಡರು.

ಅಂದು ನನ್ನೊಡನೆ ಹತ್ತಿರದಿಂದ ಕಂಡವರಲ್ಲಿ ಮೂವರು ಇನ್ನೂ ಬದುಕಿದ್ದಾರೆ. ಬೇಗೂರಿನ ಆಂಟಿಗೆ ಕಣ್ಣು ಮಂಜಾಗಿದೆ, ಆದರೆ ಅಪ್ಪ ಮೈಕ್ ಇಳಿಸಿದ್ದು ನೆನಪಿದೆ. ಕೀಬೋರ್ಡ್ ನುಡಿಸುತ್ತಿದ್ದವರು ಕುಮಾರಸ್ವಾಮಿ ಲೇಔಟಿನಲ್ಲಿದ್ದಾರೆ. ಏನೂ ನೆನಪಿಲ್ಲ ಎನ್ನುತ್ತಾರೆ. ಇನ್ನು ಅಯ್ಯನವರು. ಸಾರಕ್ಕಿ ಮಾರ್ಕೆಟ್ಟಿನಲ್ಲಿ ಎದುರಾದರೆ ತರಕಾರಿ ಚೀಲವನ್ನು ಇನ್ನೊಂದು ಕೈಗೆ ಬದಲಿಸಿಕೊಂಡು, “ಸ್ತೋತ್ರ, ಬ್ರದರ್” ಎಂದು ವಂದಿಸುತ್ತಾರೆ.